ತಪ್ಪಿಸಿದ ಶುಕ್ರವಾರ

ಮೂಡುಬಿದಿರೆ
8-9-2003, ಸೋಮವಾರ

ತೋಡಾರಿನ ಇಬ್ರಾಹಿಂ ಖಲೀಲ್ ಉಸ್ತಾದರಿಗೆ ನಮಸ್ಕಾರಗಳು.

ಮೊನ್ನೆ ಶುಕ್ರವಾರ ನೀವು ಜುಮಾ ನಮಾಜು ಮುಗಿಸಿ ಬಂದು, ನಮ್ಮ ಕ್ರೀಡಾ ಹಾಸ್ಟೆಲಿನ ಜಗಲಿಯಲ್ಲಿ ಎರಡು ಗಂಟೆ ಕಾದು, ಹಾರಿಸ್ ಸಿಗದೆ ಹಿಂದೆ ಹೋದಿರಿ. ಅವನ ಮೊಣಕಾಲಿನ ವ್ಯಾಯಾಮಕ್ಕೆ ಆಸ್ಪತ್ರೆಯವರು ಕೊಟ್ಟ ದಿನ ಶನಿವಾರ. ನೀವು ಬರುವ ದಿನ ಎಂದು ಗೊತ್ತಿದ್ದೇ ಅದನ್ನು ಶುಕ್ರವಾರಕ್ಕೆ ಬದಲಾಯಿಸಿದವಳು ನಾನು.

ಇಲ್ಲಿನ ಓಟಗಾರರ ಕಷ್ಟಸುಖ ವಿಚಾರಿಸುವುದೇ ನನ್ನ ಉದ್ಯೋಗ. ಟ್ರ್ಯಾಕಿನಲ್ಲಿ ಬಿದ್ದು ಅವನ ಮೊಣಕಾಲಿಗೆ ಪೆಟ್ಟಾದ ಮೇಲೆ ಮೂರು ವಾರ ದಿನಾ ಅವನ ಮಂಚದ ಹತ್ತಿರ ಕೂತೆ. "ಎಂಥದ್ದೂ ಇಲ್ಲ ಮೇಡಂ" ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ನೀವು ಮೊದಲ ಸಲ ಬಂದು ಅರ್ಧ ಗಂಟೆ ಕೂತದ್ದೇ, ಅವನು ಅಳುವುದು ನನ್ನ ಆಫೀಸಿಗೆ ಕೇಳಿತು. ನನಗೆ ಸಮಾಧಾನ ಆಗಬೇಕಿತ್ತು. ಹೊಟ್ಟೆ ಉರಿಯಿತು.

ಶುಕ್ರವಾರ ಸಂಜೆ ಅವನು "ಉಸ್ತಾದ್ ಯಾಕೆ ಬರಲಿಲ್ಲ ಮೇಡಂ?" ಎಂದು ಕೇಳಿದಾಗ ಮಾತು ಬದಲಿಸಿದೆ. ಅಂದಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಇವತ್ತು ಬೆಳಿಗ್ಗೆ ನಿಜ ಹೇಳಿದೆ. ಗೋಡೆಯ ಕಡೆ ತಿರುಗಿ ಮಲಗಿದ.

ಆಪರೇಷನ್ ಆದರೆ ನಡೆಯಬಹುದು, ಓಡಲಿಕ್ಕೆ ಇನ್ನು ಆಗುವುದಿಲ್ಲ ಎಂದಿದ್ದಾರೆ ಡಾಕ್ಟರು. ಇದನ್ನು ಬುಧವಾರ ಅವನಿಗೆ ಹೇಳಲಿಕ್ಕುಂಟು. ದಯವಿಟ್ಟು ಹತ್ತು ಗಂಟೆಗೆ ಬನ್ನಿ. ಮನೆಯವರನ್ನು ಕರೆಸುವುದು, ಅವನ ಕಾಲೇಜು ಸೀಟು ಉಳಿಸುವುದು ನಾನು ನೋಡಿಕೊಳ್ಳುತ್ತೇನೆ. ಆ ಮಾತು ಮಾತ್ರ ನಿಮ್ಮ ಬಾಯಿಂದ ಬರಲಿ.

ಅವನು ನಿಮ್ಮ ಕೈ ಹಿಡಿದುಕೊಂಡರೆ ನನಗೆ ಆಗಲೂ ಹೊಟ್ಟೆಕಿಚ್ಚಾದೀತು. ಆದರೂ ನನ್ನನ್ನು ಹೊರಗೆ ಕಳಿಸಬೇಡಿ. ಬಾಗಿಲ ಬದಿಯಲ್ಲಿ ಕೂತಿರುತ್ತೇನೆ.

ಕ್ಷಮೆ ಕೇಳುತ್ತ,
ಶುಭಶ್ರೀ
ಸಮಾಜ ಕಾರ್ಯಕರ್ತೆ