ಒಂದೇ ಮನೆಯ ಇಬ್ಬರು ಪೆದ್ರು

ಚಿಗಳ್ಳಿ
22 ಜನವರಿ 2025

ಜೆನಿಫರ್‌ಳ ಅಪ್ಪನಿಗೆ ನೀಲಂ ಮಾಡುವ ನಮಸ್ಕಾರ.

ಕಾಗದ ತಡವಾಯಿತು, ಸಿಟ್ಟಾಗಬೇಡಿ. ಭತ್ತದ ಒಕ್ಕಣೆ ಮುಗಿಯುವ ತನಕ ಕೈ ಬಿಡುವಿರಲಿಲ್ಲ. ಅಳುತ್ತಾ ಕೂರಬೇಡ ಎಂದು ಹೋದ ಸಲ ಜೈಲಿನಲ್ಲಿ ಹೇಳಿದಿರಿ. ಅಳುವುದಕ್ಕೂ ಪುರುಸೊತ್ತು ಬೇಕಲ್ಲ. ಮಗಳು ಪಕ್ಕದಲ್ಲೇ ಕೂತು, ಬರೆದದ್ದನ್ನೆಲ್ಲ ಓದುತ್ತಿದ್ದಾಳೆ. ಗಣಿತದಲ್ಲಿ ಚೆನ್ನಾಗಿ ಮಾಡಿದ್ದನ್ನು ಅಪ್ಪನಿಗೆ ತಿಳಿಸು ಅನ್ನುತ್ತಾಳೆ. ತಿಳಿಸಿದ್ದೇನೆ.

ನಮ್ಮ ಮೇಲ್ಮನವಿ ಮುಂದಿನ ವಾರ ವಿಚಾರಣೆಗೆ ಬರುತ್ತದಂತೆ. ವಕೀಲರಾದ ಮಧುಮತಿ ಮೇಡಂ ನನಗೆ ಅರ್ಥವಾಗುವ ಹಾಗೆ ಹೇಳಿದರು. "ಪಂಪ್ ಕದ್ದದ್ದನ್ನ ನಿಮ್ಮ ಮನಿಯವರು ಒಪ್ಪಿಕೊಂಡಾರ. ಅದಕ್ಕ ಆರು ತಿಂಗಳು ಆಗತಿತ್ತು, ಅಷ್ಟೂ ಮುಗದೈತಿ. ಗೋವಾದಾಗ ಹಿಂದ ಎರಡು ಸಲ ಕಳವಿಗೆ ಶಿಕ್ಷಾ ಆಗೇತಿ ಅಂತ ತೋರಿಸಿದ್ದಕ್ಕ ಮೂರು ವರ್ಷ ಕೊಟ್ಟಾರ. ಆ ಎರಡೂ ಇವರವಲ್ಲ ಅಂತಾದ್ರ ಮನಿಗೆ ಬರ್ತಾರ."

ಗೋವಾದ ದಾಖಲೆಯಲ್ಲಿರುವುದು ಪೆದ್ರು ಸಿದ್ದಿ, ಚಿಗಳ್ಳಿ ಎಂದಷ್ಟೆ. ತಂದೆಯ ಹೆಸರಿಲ್ಲ. ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮ್ಮ ಪದ್ಧತಿ ಕೋರ್ಟಿಗೆ ಹೇಗೆ ಗೊತ್ತಾಗಬೇಕು? ನಿಮ್ಮ ಅಪ್ಪ, ಚಿಕ್ಕಪ್ಪ ಇಬ್ಬರೂ ತಮ್ಮ ಚೊಚ್ಚಲ ಮಗನನ್ನು ಪೆದ್ರು ಎಂದೇ ಕರೆದರು. ನೀವು ದೊಡ್ಡ ಪೆದ್ರು, ಸೋನುಬಾಯಿ ಕಾಕಿಯ ಮಗ ಸಣ್ಣ ಪೆದ್ರು. ಒಂದೇ ಕಾಲಕ್ಕೆ ಗೋವಾದ ಮೀನಿನ ಬೋಟುಗಳಿಗೆ ದುಡಿಯಲು ಹೋದವರು. ಈಗ ಅವನನ್ನೇ ಕೇಳೋಣವೆಂದರೆ ಅವನು ತೀರಿಕೊಂಡು ಎರಡು ವರ್ಷವಾಯಿತು.

ಅದಕ್ಕೇ ಕಾಕಿಯ ಮನೆಗೆ ಹೋದೆ. ಕಳ್ಳ ನನ್ನ ಮಗನೇ ಎಂದು ಕೋರ್ಟಿನಲ್ಲಿ ಹೇಳಿ ಅಂತ ಹೆತ್ತವಳನ್ನು ಯಾವ ಬಾಯಿಂದ ಕೇಳುವುದು? ಕೇಳಿದೆ. ಅಕ್ಕಿ ಕೇರುತ್ತಿದ್ದ ಕಾಕಿ ಮೊರ ಕೆಳಗಿಟ್ಟರು.

"ಸತ್ತಾಂವನ ಮ್ಯಾಲ ಹಾಕಾಕ ಬಂದಿ ಏನ?" ಎಂದರು.

ನಾನು ಎದ್ದು ಬಂದೆ. ಸಂಜೆ ಅವರೇ ನಮ್ಮ ಬಾಗಿಲಿಗೆ ಬಂದು ನಿಂತರು. "ಹೋದಾಂವ ತಿರುಗಿ ಬರಂಗಿಲ್ಲ. ಇದ್ದಾಂವಾದ್ರೂ ಮನಿಗೆ ಬರಲಿ. ಹೇಳ್ತೇನಿ ಬಿಡು" ಎಂದರು. ಅಂದಿನಿಂದ ಅವರ ಮುಖ ನೋಡಲು ನನಗೆ ಧೈರ್ಯ ಸಾಲದು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಯಾರ ಜೊತೆಗೂ ಜಗಳಕ್ಕೆ ಹೋಗಬೇಡಿ. ದೇವರು ನಿಮ್ಮನ್ನು ಕಾಯಲಿ.

ನಿಮ್ಮ
ನೀಲಂ

ತಾ.ಕ.: ಜೆನಿಫರ್ ಶಾಲೆಗೆ ಹೋದಳು, ಇನ್ನು ಬರೆಯಬಹುದು. ಇದನ್ನು ಟಪಾಲಿಗೆ ಹಾಕದೆ ಮೇಡಂ ಕೈಯಲ್ಲೇ ಕಳಿಸುತ್ತೇನೆ. ಗೋವಾದ ಫೈಲಿನಲ್ಲಿ ಕಳ್ಳನ ಬೆರಳಚ್ಚು ಇದೆಯಂತೆ. ನಿಮ್ಮ ಬೆರಳಚ್ಚಿನ ಜೊತೆ ಹೋಲಿಸಿದರೆ ಸಾಕು, ಕಾಕಿ ಸಾಕ್ಷಿ ಹೇಳುವುದೇ ಬೇಡ ಎಂದು ಮೇಡಂ ನಿನ್ನೆ ಹೇಳಿದರು. ಆಮೇಲೆ ದನಿ ತಗ್ಗಿಸಿ, "ಆದ್ರ ಬೆರಳಚ್ಚಿನ ಮಾತ ತಗೀಬ್ಯಾಡ್ರಿ, ಕಾಕಿನ್ನಷ್ಟ ಕರಸ್ರಿ ಅಂದಾರ ನಿಮ್ಮ ಮನಿಯವರು" ಎಂದರು.

ಯಾಕೆ ಹಾಗೆ ಹೇಳಿದಿರಿ? ಜೆನಿಫರ್ ಹುಟ್ಟಿದಾಗ ನೀವು ಬರಲಿಲ್ಲ. ಬೋಟು ನಡುಸಮುದ್ರದಲ್ಲಿ ಕೆಟ್ಟು ನಿಂತಿತ್ತು ಎಂದಿರಿ, ನಂಬಿದೆ. ಗೋವಾದ ದಾಖಲೆಯ ಪ್ರಕಾರ ಆ ಪೆದ್ರುವನ್ನು ಮೊದಲ ಸಲ ಜೈಲಿಗೆ ಹಾಕಿದ್ದೂ ಅದೇ ತಿಂಗಳು. ನಿಜ ಏನೇ ಇದ್ದರೂ ನಾನು ನಿಮ್ಮನ್ನು ಬಿಟ್ಟು ಹೋಗುವವಳಲ್ಲ, ವಿಚಾರಣೆಗೆ ಮೊದಲು ನನಗೊಬ್ಬಳಿಗೆ ತಿಳಿಸಿ. ಕೋರ್ಟಿಗೆ ಉಟ್ಟುಕೊಂಡು ಬರಲು ಕಾಕಿ ಇವತ್ತೇ ಸೀರೆ ಒಗೆದು ಹಾಕಿದ್ದಾರೆ.