ಉಸಿರಿಗೆ ಕಾಲಂ ಇಲ್ಲದ ನಮೂನೆ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನನ್ನ ಗಂಡನಿಗೆ ಉಸಿರು ಕಟ್ಟಿದ್ದು ನಿಮ್ಮಲ್ಲಿ ಮಿದುಳಿಗೆ ಅಳವಡಿಸಿದ ಯಂತ್ರದಿಂದ ಇರಬಹುದೇ ಎಂದು ಕೇಳಿದ್ದೆ. ‘ಅಂಥ ತೊಂದರೆ ದಾಖಲಾಗಿಲ್ಲ’ ಎಂದು ಉತ್ತರಿಸಿದ್ದೀರಿ. ಹೇಗೆ ದಾಖಲಾದೀತು? ನಿಮ್ಮ ತಪಾಸಣೆಯ ನಮೂನೆಯಲ್ಲಿ ನಡುಕ, ನಡಿಗೆ, ಮಾತು, ನಿದ್ದೆ ಎಲ್ಲಕ್ಕೂ ಕಾಲಂ ಇದೆ, ಉಸಿರಿಗಿಲ್ಲ. ಕಾಲಂ ಇಲ್ಲದ ತೊಂದರೆ ತಂದುಕೊಂಡದ್ದು ನಮ್ಮದೇ ತಪ್ಪು, ಕ್ಷಮಿಸಿ.

ನನ್ನ ಗಂಡ ಕ್ಷೌರಿಕ. ಪಾರ್ಕಿನ್ಸನ್ ಬಂದು ಕೈ ನಡುಗಿ ಕತ್ತಿ ಕೆಳಗಿಟ್ಟವರು, ತಲೆಯೊಳಗೆ ತಂತಿ, ಎದೆಯ ಚರ್ಮದಡಿ ಬ್ಯಾಟರಿ ಇಡಿಸಿಕೊಂಡ ಮೇಲೆ ತಮ್ಮ ಗಡ್ಡ ತಾವೇ ಬೋಳಿಸಿಕೊಂಡರು. ಒಂದು ಗೀರೂ ಬೀಳಲಿಲ್ಲ. ಕನ್ನಡಿಯ ಮುಂದೆ ಇಬ್ಬರೂ ಅತ್ತೆವು. ಆ ಉಪಕಾರ ಮರೆತಿಲ್ಲ. ಈ ಪತ್ರದಲ್ಲಿ ಇಷ್ಟಾದರೂ ಮರ್ಯಾದೆ ಉಳಿದಿರುವುದು ಅದಕ್ಕೇ.

ಮೂರನೇ ತಪಾಸಣೆಯಲ್ಲಿ ಯಂತ್ರದ ಕರೆಂಟು ಏರಿಸಿದಿರಿ. ಅದೇ ವಾರ, ಮತ್ತೆ ಕೆಲಸಕ್ಕೆ ಕೂತು ಗಿರಾಕಿಗೆ ಊರ ಸುದ್ದಿಯೆಲ್ಲ ಹೇಳುತ್ತಿದ್ದವರು ಅರ್ಧ ಮಾತಿಗೇ ನಿಂತರು. “ಎದೆ ಮೇಲೆ ಯಾರೋ ಕೂತ ಹಾಗಾಗ್ತಿದೆ ಕಣೇ. ಗಾಳಿ ಪೂರ್ತಿ ಒಳಗೆ ಹೋಗ್ತಿಲ್ಲ.” ಶ್ವಾಸಕೋಶ ಸರಿ ಇತ್ತು, ಹೃದಯವೂ ಸರಿ. ಹಾಗಾಗಿ ನಿಮ್ಮ ವೈದ್ಯರು ನನ್ನ ಕಡೆ ತಿರುಗಿ, “ಅಮ್ಮಾ, ಇದು ಬರೀ ಗಾಬರಿ. ಸ್ವಲ್ಪ ಧೈರ್ಯ ಹೇಳಿ” ಎಂದರು. ಹೇಳಿದೆ. ಧೈರ್ಯ ತಂದುಕೊಳ್ಳುವುದಕ್ಕೂ ಉಸಿರು ಬೇಕಲ್ಲ?

“ಕರೆಂಟು ಏರಿಸಿದ ಮೇಲೇ ಶುರುವಾಗಿದ್ದು ಡಾಕ್ಟ್ರೇ, ಒಂಚೂರು ಇಳಿಸಿ ನೋಡ್ತೀರಾ?” ಎಂದು ಬೇಡಿಕೊಂಡೆ. “ಎಲ್ಲಿ ಓದಿದ್ರಿ ಇದನ್ನ?” ಎಂದರು. ಓದಿದ್ದಲ್ಲ ಸ್ವಾಮಿ, ಕೇಳಿದ್ದು. ಮೂವತ್ತೊಂದು ವರ್ಷದಿಂದ ಆ ಮನುಷ್ಯನ ಉಸಿರನ್ನು ಪಕ್ಕದಲ್ಲೇ ಕೇಳುತ್ತಿದ್ದೇನೆ. ಅದಕ್ಕೆ ಯಾವ ಪದವಿ ಬೇಕಿತ್ತು?

ಮುಂದಿನ ಸಲ ಆ ವೈದ್ಯರು ರಜೆಯಲ್ಲಿದ್ದರು, ನಮ್ಮ ಪುಣ್ಯ. ಯಂತ್ರ ಹೊಂದಿಸುವ ತಂತ್ರಜ್ಞೆ ನನ್ನ ಮಾತು ಪೂರ್ತಿ ಕೇಳಿದರು. ದೊಡ್ಡ ವೈದ್ಯರಿಗೆ ಫೋನ್ ಮಾಡಿ, ಒಪ್ಪಿಗೆ ಪಡೆದು ಕರೆಂಟು ಇಳಿಸಿದರು. ಕಾಲು ಗಂಟೆಯಲ್ಲಿ ನನ್ನ ಗಂಡ ಎದೆ ತುಂಬ ಉಸಿರೆಳೆದು, “ಅಬ್ಬಾ, ಬಂತು ಕಣೇ!” ಎಂದರು. ಏರಿಸಿ ನೋಡಿದರು, ಮತ್ತೆ ಕಟ್ಟಿತು. ಇಳಿಸಿ ಅಲ್ಲಿಗೇ ಬಿಟ್ಟರು. ಈಗ ಬಲಗೈ ಕೊಂಚ ನಡುಗುತ್ತದೆ. ಕತ್ತಿ ಮುಟ್ಟುವುದಿಲ್ಲ, ಕತ್ತರಿಯಷ್ಟೇ, ಅದೂ ಹಳೆಯ ಗಿರಾಕಿಗಳಿಗೆ.

ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಹೋದ ವಾರ ನಿಮ್ಮ ಕಾಯುವ ಬೆಂಚಿನಲ್ಲಿ ಇದೇ ಯಂತ್ರ ಇಡಿಸಿಕೊಂಡ ಒಬ್ಬ ಅಜ್ಜಿ ಎದೆ ಒತ್ತಿಕೊಂಡು, “ನಂಗೂ ಗಾಬರಿ ಅಂದ್ರಮ್ಮ” ಎಂದರು. ಅವರನ್ನು ಇಂದೇ ಕರೆಸಿ, ಯಂತ್ರ ಪರೀಕ್ಷಿಸಿ. ಹೀಗೂ ಆಗಬಹುದೆಂದು ಶಸ್ತ್ರಚಿಕಿತ್ಸೆಗೆ ಮೊದಲೇ ಎಲ್ಲರಿಗೂ ಹೇಳಿ. ಆಮೇಲೆ ಬಿಡುವಾದಾಗ ಆ ನಮೂನೆಗೆ ಒಂದು ಗೆರೆ ಎಳೆಯಿರಿ. ಸ್ಕೇಲು ಬೇಕಾದರೆ ನಾನೇ ತರುತ್ತೇನೆ.

ಇಂತಿ,
ನಿಮ್ಮ ಉತ್ತರಕ್ಕಾಗಿ ಉಸಿರು ಬಿಗಿಹಿಡಿದು ಕೂತಿರುವ
ಕ್ಷೌರಿಕನ ಹೆಂಡತಿ