ಅಂಬಿಗ ಮೊದಲು ಮುದುಕನೋ, ಹುಡುಗನೋ

ಜಿಯಾಯಿ,
ಜೂನ್ 12, 1995

ಮುದ್ದು ಆಯುನ್,

ಹೇಗಿದ್ದೀ ಮಗಳೇ? ಮಾಗೋಂಗ್‌ನ ಕಡಲಗಾಳಿಗೆ ಕೆಮ್ಮು ಹಿಡಿದಿದೆ ಅಂದಿದ್ದೆಯಲ್ಲ, ಈಗ ಕಡಿಮೆಯಾಯಿತೇ? ಆಸ್ಪತ್ರೆಯಲ್ಲಿ ಊರವರಿಗೆಲ್ಲ ಹೊತ್ತುಹೊತ್ತಿಗೆ ಔಷಧಿ ಕುಡಿಸುವ ನೀನು ನಿನ್ನದನ್ನು ಮರೆಯುತ್ತೀ, ನನಗೆ ಗೊತ್ತು. ನಾವು ಚೆನ್ನಾಗಿದ್ದೇವೆ. ಮಳೆ ಬಂದರೆ ನಿಮ್ಮಪ್ಪನ ಮೊಣಕಾಲು ಮುನಿಸಿಕೊಳ್ಳುತ್ತದೆ, ಉಳಿದ ದಿನ ಅವರೇ ಮುನಿಸಿಕೊಂಡಿರುತ್ತಾರೆ.

ನೀನು ಕಳಿಸಿದ ಮೇಷ್ಟ್ರು ವೆಯ್‌ತಿಂಗ್ ಹೋದ ತಿಂಗಳು ಬಂದಿದ್ದ. ಕಪ್ಪು ಬೆಲ್ಲದ ಕೇಕು ತಂದಿದ್ದ, ತುಂಬ ಮೆತ್ತಗಿತ್ತು. ನಿಮ್ಮಪ್ಪನ ಕಣ್ಣಿಗೆ ಅವನು ಇದ್ದೊಬ್ಬ ಮಗಳನ್ನು ಮದುವೆಯಾಗಿ ಸಮುದ್ರದಾಚೆಯೇ ಇಟ್ಟುಕೊಳ್ಳಲು ಹೊರಟವನು. “ಕೂತ್ಕೊಳ್ಳಿ” ಅಂದವರೇ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಪಾಪ, ಹುಡುಗ ನಮ್ಮಂಗಡಿಯ ಪುಸ್ತಕದ ಕಪಾಟುಗಳನ್ನೇ ನೋಡುತ್ತ ಎರಡು ಲೋಟ ಚಹಾ ಕುಡಿದ. ಅಷ್ಟರಲ್ಲಿ ಹೈಸ್ಕೂಲಿನ ಹುಡುಗಿಯೊಬ್ಬಳು ‘ಮಂಜುಹೊಳೆಯ ಖಡ್ಗ’ ಕಾದಂಬರಿಯನ್ನು ಬಾಡಿಗೆಗೆ ಕೇಳಿಕೊಂಡು ಬಂದಳು. ಮೊದಲು ಬಂದ ಆರು ಸಂಪುಟ ಓದಬೇಕೋ, ಆಮೇಲೆ ಬರೆದ, ಅದಕ್ಕೂ ಹಿಂದಿನ ಕಾಲದ ಕಥೆಯ ಮೂರನ್ನೋ ಅಂದಳು. ನಿಮ್ಮಪ್ಪ ಪೇಪರಿನ ಹಿಂದಿನಿಂದಲೇ “ಬರೆದ ಹಾಗೇ ಓದಮ್ಮ, ಆರು ಮೊದಲು” ಅಂದರು. ನಿನ್ನ ಮೇಷ್ಟ್ರು ಬಾಯಿ ಮುಚ್ಚಿಕೊಂಡಿರಬಾರದೇ? “ಇಲ್ಲ ಯಜಮಾನ್ರೇ, ಕಥೆ ನಡೆದ ಹಾಗೆ ಓದ್ಬೇಕು. ಮೂರು ಮೊದಲು” ಅಂದುಬಿಟ್ಟ.

ಪೇಪರ್ ಕೆಳಗಿಳಿಯಿತು. “ಕುರುಡು ಅಂಬಿಗ ಕಥಾನಾಯಕಿಯ ತಾತ ಅಂತ ಮೊದಲೇ ಗೊತ್ತಾದ್ರೆ ಇನ್ನೇನ್ರೀ ಉಳೀತು, ಮೇಷ್ಟ್ರೇ?” ಅಂತ ಇವರು. “ಗೊತ್ತಿದ್ರೇನೇ ಅಲ್ವಾ ಅವನು ಅವಳಿಗೆ ಹೇಳದೆ ಸುಮ್ಮನೆ ದೋಣಿಗೆ ಹುಟ್ಟು ಹಾಕೋವಾಗ ಕರುಳು ಹಿಂಡೋದು?” ಅಂತ ಅವನು. ಗುಟ್ಟೆಲ್ಲ ಕಿವಿಗೆ ಬಿದ್ದ ಆ ಹುಡುಗಿ ಕಾಮಿಕ್ಸ್ ಎತ್ತಿಕೊಂಡು ಹೊರಟೇಹೋದಳು. ಇಬ್ಬರೂ ನೋಡಲಿಲ್ಲ. ಕೊನೆಗೆ ನಿಮ್ಮಪ್ಪ ನನ್ನ ಕಡೆ ತಿರುಗಿ, “ಇವನಿಗೂ ಟರ್ಕಿಕೋಳಿ ಅನ್ನ ಬಡಿಸು, ಇದು ಇವತ್ತಿಗೆ ಮುಗಿಯೋದಲ್ಲ” ಅಂದರು. ‘ಕೂತ್ಕೊಳ್ಳಿ’ಯಿಂದ ‘ಇವನಿಗೂ’ ವರೆಗೆ ಬಂದಿದ್ದರು, ನಾನು ಗಮನಿಸಿದೆ.

ತೀರ್ಪು ನನ್ನ ಪಾಲಿಗೆ ಬಂತು. ಇಷ್ಟು ವರ್ಷ ಈ ಅಂಗಡಿಯ ಪುಸ್ತಕಗಳ ಧೂಳು ಒರೆಸಿದ್ದೇನೆ, ಒಂದು ಖಡ್ಗದ ಕಥೆಯನ್ನೂ ಓದಿದವಳಲ್ಲ. ಆರನ್ನು ಮೊದಲು ಓದಿದೆ. ಪ್ರವಾಹದಲ್ಲಿ ಅಂಬಿಗ ಸತ್ತಾಗ, ಪಾಪ ಮುದುಕ ಅಂದುಕೊಂಡು ಎದ್ದು ಒಲೆ ಒರೆಸಿದೆ. ಆಮೇಲೆ ಹಿಂದಿನ ಕಥೆ ತೆಗೆದರೆ, ಅಲ್ಲಿ ಅವನಿಗೆ ಇಪ್ಪತ್ತು ವರ್ಷ, ಕಣ್ಣು ಕಾಣುತ್ತದೆ, ದೋಣಿ ನಡೆಸಲು ಬಾರದು, ಹುಡುಗಿಯ ಮುಂದೆ ದೋಣಿ ಸಮೇತ ಗಿರಗಿರ ಸುತ್ತುತ್ತಾನೆ. ನಗುತ್ತ ನಗುತ್ತ ಅತ್ತುಬಿಟ್ಟೆ. ಅನ್ನ ಸೀದುಹೋಯಿತು.

ನಿನ್ನೆ ವೆಯ್‌ತಿಂಗ್ ಮತ್ತೆ ಬಂದಿದ್ದ. ಹೇಳಿದೆ: “ಮುದುಕನನ್ನೇ ಮೊದಲು ನೋಡ್ಬೇಕಪ್ಪ. ಮನುಷ್ಯರು ನಮಗೆ ಸಿಗೋದು ಹಾಗೇ ತಾನೇ. ಇವರೂ ನನಗೆ ಸಿಡುಕನಾಗಿಯೇ ಸಿಕ್ಕಿದ್ದು. ಚಿಕ್ಕಂದಿನಲ್ಲಿ ಬಾತುಕೋಳಿ ಕಂಡ್ರೆ ಹೆದರಿ ಓಡ್ತಿದ್ರು ಅಂತ ನಮ್ಮತ್ತೆ ಹೇಳಿದ ಮೇಲೇ ನನಗೆ ಪ್ರೀತಿ ಬಂದಿದ್ದು.” ಹುಡುಗ ತಲೆಬಾಗಿಸಿ “ಸೋತೆ ಅಮ್ಮಾ” ಅಂದ. ನಿಮ್ಮಪ್ಪ ಹಿಗ್ಗಿ ಊರಿಗೆಲ್ಲ ಸಾರುತ್ತಾರೆ ಅಂದುಕೊಂಡಿದ್ದೆ. ಅವರೋ ಮುಖ ಸಣ್ಣದು ಮಾಡಿಕೊಂಡು, “ಅಷ್ಟು ಬೇಗ ಒಪ್ಕೊಂಡ್ರೆ ಹೇಗೋ? ನಿನ್ನ ಮಾತಲ್ಲೂ ಅರ್ಥ ಇದೆ, ಕೂತ್ಕೋ” ಅಂತ ಅವನ ಪರವಾಗಿ ನನ್ನ ಮೇಲೇ ವಾದಕ್ಕೆ ಇಳಿದರು.

ಬಿಸಿನೀರು ಕುಡಿ, ಕೊರಳಿಗೆ ಬಟ್ಟೆ ಸುತ್ತಿಕೋ. ನಿನ್ನ ಮನಸ್ಸು ಹಗುರವಾಗಿರಲಿ ಮಗಳೇ.

ನಿನ್ನ
ಅಮ್ಮ

ತಾ.ಕ.: ಅಪ್ಪ ಶನಿವಾರ ಬುದಾಯ್ ಬಂದರಿನಿಂದ ನಿಮ್ಮ ದ್ವೀಪದ ಹಡಗು ಹತ್ತುತ್ತಾರೆ. ವೆಯ್‌ತಿಂಗನ ತಂದೆಗೆ ಆ ಮೂರು ಸಂಪುಟ ಕೊಟ್ಟುಬರಲು ಅಂತ ಹೇಳುತ್ತಾರೆ, ನಂಬಿದಂತೆ ಇರು. ಜೊತೆಗೆ ನಿನ್ನ ಜಾತಕವೂ ಇದೆ, ಹೊಸ ಅಂಗಿಯೂ ಹೊಲಿಸಿದ್ದಾರೆ. ಮಗಳು ಅಲ್ಲೇ ಉಳಿದರೆ ನಿಮಗೆ ಸರಿಯೇ ಅಂತ ಕೇಳಿದೆ. ಚಪ್ಪಲಿ ಒರೆಸುತ್ತ, “ಅವರ ಊರಲ್ಲಿ ಬಾಡಿಗೆ ಪುಸ್ತಕದ ಅಂಗಡಿನೇ ಇಲ್ವಂತೆ ಕಣೇ, ಜಾಗ ನೋಡ್ಕೊಂಡು ಬರ್ತೀನಿ” ಅಂದರು.